ಲೆಕ್ಕಕ್ಕುಂಟು, ಆಟಕ್ಕೆ? ನವೋದ್ಯಮಗಳಲ್ಲಿ ಮಹಿಳೆಯರ ಪಾಲು ಮತ್ತು ಮಾದರಿಯ ಪ್ರಶ್ನೆ



 ಈ ದತ್ತಿ ಉಪನ್ಯಾಸ ಯಾವ ತಾಯಿಯ ಹೆಸರಿನಲ್ಲಿದೆಯೋ ಅವರು ತಮ್ಮ ಹಣವನ್ನು ತಮ್ಮದೇ ತೀರ್ಮಾನದಿಂದ, ತಮ್ಮದೇ ಹೆಸರಿನಲ್ಲಿ, ಮುಂದಿನವರ ವಿಚಾರಕ್ಕೆಂದು ತೆಗೆದಿಟ್ಟವರು. ಹಣ, ತೀರ್ಮಾನ, ಹೆಸರು ಮೂರೂ ಒಬ್ಬ ಹೆಣ್ಣುಮಗಳ ಕೈಯಲ್ಲಿ ಒಟ್ಟಿಗೆ ಸೇರುವುದು ತಂತ್ರಜ್ಞಾನದ ನವೋದ್ಯಮಗಳಲ್ಲಿ ಇಂದಿಗೂ ಎಷ್ಟು ಕಷ್ಟ ಎಂಬುದೇ ನನ್ನ ವಿಷಯ. ಹಾಗಾಗಿ ಅವರನ್ನು ನೆನೆದು ಮಾತು ಆರಂಭಿಸುವುದು ಉಚಿತವೆಂದು ತಿಳಿದಿದ್ದೇನೆ.

ಪೀಠಿಕೆಯನ್ನು ಬೇಗ ಮುಗಿಸುತ್ತೇನೆ. 1843ರಲ್ಲಿ ಗಣಕಯಂತ್ರದ ಕುರಿತು ಏಡಾ ಲವ್‌ಲೇಸ್ ಬರೆದ ಟಿಪ್ಪಣಿಗಳು, 1946ರಲ್ಲಿ ಲೋಕಕ್ಕೆ ಪರಿಚಯವಾದ ಎನಿಯಾಕ್ ಕಂಪ್ಯೂಟರಿಗೆ ಪ್ರೋಗ್ರಾಂ ರೂಪಿಸಿದ ಆರು ಮಂದಿ ಮಹಿಳೆಯರು, ಅಮೆರಿಕದ ಕಂಪ್ಯೂಟರ್ ವಿಜ್ಞಾನ ಪದವೀಧರರಲ್ಲಿ 1984ರ ಸುಮಾರಿಗೆ ನೂರಕ್ಕೆ 37ರಷ್ಟಿದ್ದ ಹೆಣ್ಣುಮಕ್ಕಳು ಮುಂದೆ 18ರ ಆಸುಪಾಸಿಗೆ ಇಳಿದದ್ದು, ಇವೆಲ್ಲ ಈಗ ಎಲ್ಲ ಗ್ರಂಥಾಲಯಗಳಲ್ಲೂ ಸಿಗುವ ಸಂಗತಿಗಳು. ಅಮೆರಿಕದ ವೆಂಚರ್ ಬಂಡವಾಳದಲ್ಲಿ ಮಹಿಳೆಯರು ಮಾತ್ರವೇ ಸ್ಥಾಪಿಸಿದ ಕಂಪನಿಗಳಿಗೆ ಸೇರುವ ಹಣ ವರ್ಷವರ್ಷವೂ ನೂರಕ್ಕೆ ಎರಡರ ಆಚೀಚೆಯೇ ನಿಂತಿದೆ ಎಂಬುದೂ ವಿವಾದವಿಲ್ಲದ ಮಾತು. ವಿವಾದವಿರುವುದು ಪರಿಹಾರದಲ್ಲಿ. ಹೆಣ್ಣುಮಕ್ಕಳ ಎದುರು ಒಬ್ಬ ಯಶಸ್ವಿ ಮಹಿಳೆಯನ್ನು ಮಾದರಿಯಾಗಿ ನಿಲ್ಲಿಸಿದರೆ ಉಳಿದದ್ದು ತಾನಾಗಿ ಆಗುತ್ತದೆ ಎಂಬ ನಂಬಿಕೆ ಇಂದು ಸರ್ಕಾರಿ ಸಮಾವೇಶಗಳಿಂದ ಕಾಲೇಜಿನ ವಾರ್ಷಿಕೋತ್ಸವದವರೆಗೆ ಹಬ್ಬಿದೆ. ಒಬ್ಬಂಟಿ ಮಾದರಿಯಿಂದ ಈ ಕೆಲಸ ಆಗುವುದಿಲ್ಲ. ತೀರ್ಮಾನದ ಅಧಿಕಾರವುಳ್ಳ ಸ್ಥಾನದಲ್ಲಿ, ನೋಡುವವರ ಹತ್ತಿರದಲ್ಲೇ, ಒಬ್ಬರಾದ ಮೇಲೆ ಒಬ್ಬರು ಮಹಿಳೆಯರು ಕುಳಿತಾಗ ಮಾತ್ರ ಮಾದರಿಗೆ ಬಲ ಬರುತ್ತದೆ ಎಂಬುದು ನನ್ನ ವಾದ. ಅಂಥ ಮಹಿಳೆಯರು ಎಷ್ಟು ಮಂದಿ ಎಂಬುದನ್ನು ನಮ್ಮ ಇಂದಿನ ಎಣಿಕೆ ತಿಳಿಸುತ್ತಿಲ್ಲ ಎಂಬುದು ಅದರ ಎರಡನೆಯ ಭಾಗ.

ಈ ವಾದದ ಮೊದಲ ಭಾಗಕ್ಕೆ ನನಗೆ ಸಿಗುವ ಅತ್ಯಂತ ಗಟ್ಟಿ ಆಧಾರ ನವೋದ್ಯಮಗಳ ಲೋಕದ್ದಲ್ಲ, ಪಂಚಾಯಿತಿಯದು. ಪಶ್ಚಿಮ ಬಂಗಾಳದಲ್ಲಿ ಗ್ರಾಮ ಪಂಚಾಯಿತಿಗಳ ಮುಖ್ಯಸ್ಥರ ಸ್ಥಾನಗಳಲ್ಲಿ ಮೂರನೆಯ ಒಂದು ಭಾಗವನ್ನು ಮಹಿಳೆಯರಿಗೆ ಮೀಸಲಿಟ್ಟಾಗ ಯಾವ ಪಂಚಾಯಿತಿಗೆ ಮೀಸಲು ಎಂಬುದು ಯಾರ ಇಷ್ಟಾನಿಷ್ಟಕ್ಕೂ ಒಳಪಡದೆ ನಿಗದಿಯಾಯಿತು. ಹಾಗಾಗಿ ಮೀಸಲಾದ ಊರನ್ನೂ ಆಗದ ಊರನ್ನೂ ಹೋಲಿಸುವ ಅವಕಾಶ ಸಂಶೋಧಕರಿಗೆ ಒದಗಿತು. ಲೋರಿ ಬೀಮನ್, ಎಸ್ತರ್ ದುಫ್ಲೊ, ರೋಹಿಣಿ ಪಾಂಡೆ ಮತ್ತು ಪೆಟಿಯಾ ಟೊಪಲೋವಾ 495 ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 2012ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಗಂಡುಮಗನ ಬಗ್ಗೆ ಹೆತ್ತವರು ಇಟ್ಟುಕೊಂಡ ಆಸೆಗೂ ಹೆಣ್ಣುಮಗಳ ಬಗ್ಗೆ ಇಟ್ಟುಕೊಂಡ ಆಸೆಗೂ ಇದ್ದ ಅಂತರ, ಎರಡು ಅವಧಿಗೆ ಮಹಿಳೆಯರಿಗೆ ಮೀಸಲಾಗಿದ್ದ ಊರುಗಳಲ್ಲಿ ನೂರಕ್ಕೆ 20ರಷ್ಟು ಕಡಿಮೆಯಾಗಿತ್ತು. ಹದಿಹರೆಯದ ಮಕ್ಕಳು ತಮ್ಮ ಬಗ್ಗೆ ತಾವೇ ಇಟ್ಟುಕೊಂಡ ಆಸೆಗಳಲ್ಲಿ ಈ ಅಂತರ 32ರಷ್ಟು ತಗ್ಗಿತ್ತು. ಓದಿನಲ್ಲಿದ್ದ ಅಂತರ ಅಳಿಸಿಹೋಗಿತ್ತು, ಹುಡುಗಿಯರು ಮನೆಗೆಲಸಕ್ಕೆ ಕೊಡುವ ಹೊತ್ತು ಇಳಿದಿತ್ತು. ಹೆಣ್ಣುಮಕ್ಕಳಿಗೆ ಸಿಗುವ ಉದ್ಯೋಗಾವಕಾಶಗಳು ಆ ಊರುಗಳಲ್ಲಿ ಹೆಚ್ಚಾದದ್ದಕ್ಕೆ ಆಧಾರ ಸಿಗಲಿಲ್ಲ. ಆದ್ದರಿಂದ ಈ ಬದಲಾವಣೆಗೆ ಕಣ್ಣೆದುರಿನ ಮಾದರಿಯೇ ಮುಖ್ಯ ಕಾರಣವೆಂದು ಅವರು ತೀರ್ಮಾನಿಸಿದರು.

ಮಾದರಿಯ ಪರವಾಗಿ ಮಾತಾಡುವ ಎಲ್ಲರೂ ಈ ಅಧ್ಯಯನವನ್ನು ಉದಾಹರಿಸುತ್ತಾರೆ, ಆದರೆ ಅದರ ಷರತ್ತುಗಳನ್ನು ಬಿಟ್ಟುಬಿಡುತ್ತಾರೆ. ಆ ಮಾದರಿ ದೆಹಲಿಯ ವೇದಿಕೆಯ ಮೇಲಿದ್ದ ಸಾಧಕಿಯಲ್ಲ. ಬಾವಿ ತೋಡಿಸುವ, ರಸ್ತೆ ಮಾಡಿಸುವ ಅಧಿಕಾರವಿದ್ದ, ಪಕ್ಕದ ಬೀದಿಯ ಹೆಂಗಸು. ಆಕೆಯ ಸ್ಥಾನವೂ ಒಂದೇ ಅವಧಿಗೆ ಬಂದು ಹೋದದ್ದಲ್ಲ, ಮತ್ತೆ ಬಂದದ್ದು. ಕರ್ನಾಟಕಕ್ಕೆ ಇದು ಹೊಸ ಪಾಠವಾಗಬೇಕಿಲ್ಲ. ಸಂವಿಧಾನದ 73ನೆಯ ತಿದ್ದುಪಡಿಗೆ ಮೊದಲೇ, ಅಬ್ದುಲ್ ನಜೀರ್ ಸಾಬರು ಪಂಚಾಯತ್ ರಾಜ್ ಸಚಿವರಾಗಿದ್ದ ಕಾಲದ 1983ರ ಕಾಯ್ದೆಯ ಪ್ರಕಾರ 1987ರಲ್ಲಿ ನಡೆದ ಚುನಾವಣೆಯಲ್ಲಿ ನೂರಕ್ಕೆ 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟ ರಾಜ್ಯ ಇದು. ಮಂಡಲ ಪಂಚಾಯಿತಿಯಲ್ಲಿ ಒಬ್ಬಳು ಸಾಲದು ಎಂದು ಅಂದೇ ಅರಿತಿದ್ದ ನಾಡು, ಬೆಂಗಳೂರಿನ ಕೋರಮಂಗಲದ ನವೋದ್ಯಮಗಳ ವಿಷಯಕ್ಕೆ ಬಂದಾಗ ಒಬ್ಬಳು ಸಾಕು ಎಂದು ಏಕೆ ನಂಬಬೇಕು?

ಒಬ್ಬಂಟಿ ಮಾದರಿಯಿಂದ ಲಾಭ ಕಡಿಮೆ ಎಂಬುದಷ್ಟೇ ಅಲ್ಲ, ಹಾನಿಯೂ ಉಂಟು. ರಕ್ತಪರೀಕ್ಷೆಯ ಥೆರನೋಸ್ ಕಂಪನಿಯನ್ನು ಸ್ಥಾಪಿಸಿದ ಎಲಿಜಬೆತ್ ಹೋಮ್ಸ್ ಅವರನ್ನು ಒಂದು ಕಾಲಕ್ಕೆ ಇಡೀ ಅಮೆರಿಕ ಮಹಿಳಾ ಉದ್ಯಮಿಗಳ ಮಾದರಿ ಎಂದು ಕೊಂಡಾಡಿತು. 2022ರ ಜನವರಿಯಲ್ಲಿ ಅವರ ಮೇಲಿನ ವಂಚನೆಯ ಅಪರಾಧ ಸಾಬೀತಾಯಿತು. ಆ ಪ್ರಕರಣ ಹೊರಬಂದಲ್ಲಿಂದ ಆರೋಗ್ಯ ತಂತ್ರಜ್ಞಾನದಲ್ಲಿ ತೊಡಗಿದ್ದ, ಆ ಕಂಪನಿಗೆ ಯಾವ ನಂಟೂ ಇಲ್ಲದ ಮಹಿಳೆಯರು ಹೂಡಿಕೆದಾರರ ಮುಂದೆ ಹೋಮ್ಸ್ ಹೋಲಿಕೆಗೆ ಉತ್ತರ ಹೇಳಬೇಕಾಯಿತು. 2019ರಲ್ಲಿ ವೀವರ್ಕ್‌ನ ಸ್ಥಾಪಕ ಆಡಮ್ ನ್ಯೂಮನ್ ಮುಖ್ಯಸ್ಥನ ಸ್ಥಾನ ಬಿಡಬೇಕಾಗಿ ಬಂದಾಗ ಗಂಡಸರ ಕುಲಕ್ಕೆಲ್ಲ ಯಾರೂ ಆ ಲೆಕ್ಕ ಕೇಳಲಿಲ್ಲ. ಸಾವಿರಾರು ಮಂದಿಯಲ್ಲಿ ಒಬ್ಬನ ಪತನ ಅವನೊಬ್ಬನದು; ಬೆರಳೆಣಿಕೆಯವರಲ್ಲಿ ಒಬ್ಬಳ ಪತನವನ್ನು ಎಲ್ಲರ ಮೇಲೂ ಹೊರಿಸುತ್ತಾರೆ.

ಇನ್ನು ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಎಣಿಕೆಯ ವಿಚಾರ. 2024ರ ಕೊನೆಗೆ ಭಾರತ ಸರ್ಕಾರದ ಮಾನ್ಯತೆ ಪಡೆದ ಸುಮಾರು 1.57 ಲಕ್ಷ ನವೋದ್ಯಮಗಳಲ್ಲಿ 73 ಸಾವಿರಕ್ಕೂ ಹೆಚ್ಚು ಕಂಪನಿಗಳಲ್ಲಿ ಕನಿಷ್ಠ ಒಬ್ಬ ಮಹಿಳಾ ನಿರ್ದೇಶಕಿ ಇದ್ದರು. ಹೆಚ್ಚುಕಡಿಮೆ ಅರ್ಧ. ಈ ಅಂಕಿ ಸುಳ್ಳಲ್ಲ. ಆದರೆ ಇದನ್ನು ‘ಅರ್ಧದಷ್ಟು ನವೋದ್ಯಮಗಳನ್ನು ಮಹಿಳೆಯರು ನಡೆಸುತ್ತಿದ್ದಾರೆ’ ಎಂದು ಓದುವ ಲೇಖನಗಳನ್ನೂ ಭಾಷಣಗಳನ್ನೂ ನಾನು ಒಪ್ಪಲಾರೆ. ನಮ್ಮ ಕಾನೂನಿನಲ್ಲಿ ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಸಾಮಾನ್ಯವಾಗಿ ಕನಿಷ್ಠ ಇಬ್ಬರು ನಿರ್ದೇಶಕರು, ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಗೆ (ಎಲ್‌ಎಲ್‌ಪಿ) ಕನಿಷ್ಠ ಇಬ್ಬರು ಪಾಲುದಾರರು ಬೇಕು. ಒಬ್ಬನೇ ಕಂಪನಿ ಕಟ್ಟಲು ಹೊರಟವನು ಎರಡನೆಯ ಸಹಿಗಾಗಿ ಮೊದಲು ನೋಡುವುದು ಮನೆಯ ಕಡೆಗೆ: ಹೆಂಡತಿ, ತಾಯಿ, ತಂಗಿ. ಆಕೆ ಕಂಪನಿಯ ದುಡಿಮೆಯಲ್ಲಿ ಸಮಪಾಲು ಹೊತ್ತಿರಬಹುದು, ಕಾಗದಕ್ಕೆ ಸಹಿ ಮಾಡಿ ಮರೆತಿರಲೂಬಹುದು. ಅಂಕಿಯಲ್ಲಿ ಇಬ್ಬರೂ ಒಂದೇ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬ ಮಾತು ಇಲ್ಲಿ ತಿರುಗುಮುರುಗಾಗಿದೆ.

ಇದು ಅನುಮಾನಕ್ಕಾಗಿ ಅನುಮಾನ ಎನ್ನುವವರು ಷೇರುಪೇಟೆಯ ಅನುಭವವನ್ನು ನೋಡಬೇಕು. 2013ರ ಕಂಪನಿ ಕಾಯ್ದೆ ಪಟ್ಟಿಯಾದ ಕಂಪನಿಗಳ ಮಂಡಳಿಯಲ್ಲಿ ಒಬ್ಬ ಮಹಿಳೆ ಇರಲೇಬೇಕೆಂದಿತು. ಎಷ್ಟೋ ಮಂಡಳಿಗಳಲ್ಲಿ ಆ ಕುರ್ಚಿಗೆ ಪ್ರವರ್ತಕರ ಮನೆಯವರೇ ಬಂದು ಕುಳಿತರು. ಮುಂದೆ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ, 2019ರ ಏಪ್ರಿಲ್‌ನಿಂದ ಅಗ್ರ 500 ಕಂಪನಿಗಳಲ್ಲಿ, 2020ರ ಏಪ್ರಿಲ್‌ನಿಂದ ಅಗ್ರ 1000 ಕಂಪನಿಗಳಲ್ಲಿ ಆ ಮಹಿಳೆ ಸ್ವತಂತ್ರ ನಿರ್ದೇಶಕಿಯಾಗಿರಬೇಕು ಎಂದು ವಿಧಿಸಿತು. ನಿಯಂತ್ರಕರೇ ಗುರುತಿಸಿ ತಿದ್ದಿದ ಲೋಪವನ್ನು ನವೋದ್ಯಮಗಳ ಎಣಿಕೆಯಲ್ಲಿ ನಾವು ಹಾಗೇ ಉಳಿಸಿಕೊಂಡಿದ್ದೇವೆ. ಇದೇ ಭಾರತ ಸರ್ಕಾರ 2016ರಲ್ಲಿ ಸ್ಟಾರ್ಟಪ್ ಇಂಡಿಯಾ ಆರಂಭಿಸಿದ ಕೆಲವೇ ತಿಂಗಳಲ್ಲಿ ಸ್ಟ್ಯಾಂಡಪ್ ಇಂಡಿಯಾ ಸಾಲ ಯೋಜನೆಯನ್ನೂ ತಂದಿತು. ಅದರಲ್ಲಿ ಒಂದು ಸಂಸ್ಥೆ ಮಹಿಳೆಯದು ಎನಿಸಿಕೊಳ್ಳಲು ಆಕೆಯ ಕೈಯಲ್ಲಿ ನೂರಕ್ಕೆ 51 ಪಾಲು ಮತ್ತು ನಿಯಂತ್ರಣ ಇರಬೇಕಿತ್ತು. ಸಾಲ ಕೊಡುವಾಗ ಇಷ್ಟು ಬಿಗಿ, ಸಾಧನೆ ಎಣಿಸುವಾಗ ಅಷ್ಟು ಸಡಿಲ.

ಹೆಸರು ಮತ್ತು ಅಧಿಕಾರ ಬೇರೆಬೇರೆಯಾದಾಗ ಏನಾಗುತ್ತದೆ ಎಂಬುದನ್ನು ಬೆಂಗಳೂರಿನ ಚರಿತ್ರೆ ಸ್ಪಷ್ಟವಾಗಿ ತೋರಿಸುತ್ತದೆ. 1978ರಲ್ಲಿ ಕಿರಣ್ ಮಜುಂದಾರ್ ಹತ್ತು ಸಾವಿರ ರೂಪಾಯಿ ಬಂಡವಾಳದಲ್ಲಿ ಇಲ್ಲಿನ ಬಾಡಿಗೆ ಗ್ಯಾರೇಜಿನಲ್ಲಿ ಬಯೋಕಾನ್ ಆರಂಭಿಸಿದರು. ಬ್ಯಾಂಕುಗಳು ಸಾಲಕ್ಕೆ ಹಿಂಜರಿದವು. 1981ರಲ್ಲಿ ಇನ್ಫೋಸಿಸ್‌ಗೆ ಮೊದಲ ಹತ್ತು ಸಾವಿರ ಕೊಟ್ಟವರು ಎಂಜಿನಿಯರ್ ಸುಧಾ ಮೂರ್ತಿ. ಎರಡೂ ಕಡೆ ಹಣದ ಮೊತ್ತ ಒಂದೇ. ಒಬ್ಬರು ಸ್ಥಾಪಕಿ ಎನಿಸಿಕೊಂಡರು, ಇನ್ನೊಬ್ಬರು ಏಳು ಮಂದಿ ಸ್ಥಾಪಕರ ಪಟ್ಟಿಯ ಹೊರಗುಳಿದರು. ಕುಟುಂಬದವರನ್ನು ಕಂಪನಿಯೊಳಕ್ಕೆ ತರಬಾರದೆಂಬ, ಆ ಸ್ಥಾಪಕರಲ್ಲೊಬ್ಬರೂ ಅವರ ಪತಿಯೂ ಆದ ನಾರಾಯಣ ಮೂರ್ತಿಯವರ ನಿಯಮ ಅದಕ್ಕೆ ಕಾರಣ. ಆ ನಿಯಮದ ಹಿಂದಿನ ಸದುದ್ದೇಶವನ್ನು ನಾನು ಪ್ರಶ್ನಿಸುವುದಿಲ್ಲ. ಅದು ತಪ್ಪಾಗಿತ್ತೆಂದು ಅವರೇ 2024ರಲ್ಲಿ ಬಹಿರಂಗವಾಗಿ ಹೇಳಿದ್ದಾರೆ. ನನಗೆ ಮುಖ್ಯವೆನಿಸುವುದು ಇದರ ಪರಿಣಾಮ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದ ಒಬ್ಬ ಹೆಣ್ಣುಮಗಳನ್ನು ಭಾರತದ ಅತ್ಯಂತ ಪ್ರಭಾವಿ ಸಾಫ್ಟ್‌ವೇರ್ ಕಂಪನಿಯ ತೀರ್ಮಾನದ ಮೇಜಿನ ಬಳಿ ನೋಡುವ ಅವಕಾಶ ಒಂದಿಡೀ ತಲೆಮಾರಿಗೆ ತಪ್ಪಿತು. ತ್ಯಾಗದ ಕಥೆಯಾಗಿ ಅವರು ಮನೆಮನೆಗೂ ತಲುಪಿದರು, ಸ್ಥಾಪಕಿಯಾಗಿ ತಲುಪಲಿಲ್ಲ.

ನನ್ನ ವಾದಕ್ಕೆ ಎದುರಾಗುವ ಮಾತುಗಳಲ್ಲಿ ಒಂದು, ಕೊರತೆ ಇರುವುದು ಬುಡದಲ್ಲಿ, ತಾಂತ್ರಿಕ ಶಿಕ್ಷಣಕ್ಕೆ ಹೆಣ್ಣುಮಕ್ಕಳೇ ಬರುತ್ತಿಲ್ಲ ಎಂಬುದು. ಅಮೆರಿಕಕ್ಕೆ ಅದು ಭಾಗಶಃ ಒಪ್ಪುತ್ತದೆ. ವಿಜ್ಞಾನ ಮತ್ತು ತಂತ್ರಜ್ಞಾನ ಪದವೀಧರರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಹಿಳೆಯರಿರುವ ಭಾರತಕ್ಕೆ ಆ ಮಾತನ್ನು ಎರವಲು ತರುವುದು ಸೋಮಾರಿತನ. ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು: ಪಂಚಾಯಿತಿಯಲ್ಲೂ ಮೊದಮೊದಲು ಹೆಂಡತಿಯ ಹೆಸರಿನಲ್ಲಿ ಗಂಡನೇ ಆಡಳಿತ ನಡೆಸಿದ, ಕಾಲಕ್ರಮದಲ್ಲಿ ಅನೇಕ ಮಹಿಳೆಯರು ನಿಜವಾದ ಅಧ್ಯಕ್ಷೆಯರಾದರು, ಕಾಗದದ ನಿರ್ದೇಶಕಿಯೂ ಹಾಗೆಯೇ ಬೆಳೆಯಬಹುದಲ್ಲವೇ? ಬೆಳೆಯಬಹುದು, ಆದರೆ ಪಂಚಾಯಿತಿಯಲ್ಲಿ ಅವಳನ್ನು ಬೆಳೆಸಿದ್ದು ಕುರ್ಚಿಯೊಂದೇ ಅಲ್ಲ. ಗ್ರಾಮಸಭೆಯ ಅಧ್ಯಕ್ಷತೆ ವಹಿಸಬೇಕಿತ್ತು, ಊರಿನವರು ಅವಳನ್ನೇ ಪ್ರಶ್ನೆ ಕೇಳುತ್ತಿದ್ದರು, ಐದು ವರ್ಷಕ್ಕೊಮ್ಮೆ ಚುನಾವಣೆ ಬರುತ್ತಿತ್ತು. ಪ್ರೈವೇಟ್ ಲಿಮಿಟೆಡ್ ಕಂಪನಿಯ ನಿರ್ದೇಶಕಿಯನ್ನು ಹೀಗೆ ಎಲ್ಲರೆದುರು ತಂದು ನಿಲ್ಲಿಸುವ ಯಾವ ಏರ್ಪಾಡೂ ಇಲ್ಲ.

ಮೂರನೆಯದು, ಬಂಡವಾಳಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲ, ಒಳ್ಳೆಯ ಕಲ್ಪನೆಗೆ ಹಣ ಬಂದೇ ಬರುತ್ತದೆ ಎಂಬ ಹೂಡಿಕೆದಾರರ ಮಾತು. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಂದೇ ಉದ್ಯಮದ ಒಂದೇ ವಿವರಣೆಯನ್ನು ಗಂಡು ಧ್ವನಿಯಲ್ಲೂ ಹೆಣ್ಣು ಧ್ವನಿಯಲ್ಲೂ ಕೇಳಿಸಿದಾಗ, ನೂರಕ್ಕೆ 68 ಮಂದಿ ಆರಿಸಿದ್ದು ಗಂಡು ಧ್ವನಿಯನ್ನು. ಡಾನಾ ಕಾನ್ಜ್ ಮತ್ತು ಸಂಗಡಿಗರು 2018ರಲ್ಲಿ ಇನ್ನೂ ಸೂಕ್ಷ್ಮವಾದದ್ದನ್ನು ಕಂಡರು. ನ್ಯೂಯಾರ್ಕಿನ ಒಂದು ಪ್ರಸಿದ್ಧ ಸ್ಪರ್ಧೆಯಲ್ಲಿ ಪುರುಷರಿಗೆ ಬಂದ ಪ್ರಶ್ನೆಗಳಲ್ಲಿ ಮೂರನೆಯ ಎರಡು ಭಾಗ ಎಷ್ಟು ಬೆಳೆಯುತ್ತೀರಿ, ಎಷ್ಟು ಗೆಲ್ಲುತ್ತೀರಿ ಎಂಬ ಬಗೆಯವು. ಮಹಿಳೆಯರಿಗೆ ಬಂದವುಗಳಲ್ಲಿ ಅಷ್ಟೇ ಪ್ರಮಾಣ ನಷ್ಟವಾದರೆ ಏನು ಗತಿ ಎಂಬ ಬಗೆಯವು. ಮಹಿಳಾ ಹೂಡಿಕೆದಾರರೂ ಹಾಗೆಯೇ ಕೇಳಿದರು ಎಂಬುದನ್ನು ಮುಚ್ಚಿಡುವುದು ಸರಿಯಲ್ಲ, ಏಕೆಂದರೆ ಅದು ನನ್ನ ವಾದಕ್ಕೂ ತೊಡಕು. ಮೇಜಿನ ಆ ಬದಿ ಒಬ್ಬ ಮಹಿಳೆ ಕುಳಿತರೆ ಪ್ರಶ್ನೆ ತಾನಾಗಿ ಬದಲಾಗುವುದಿಲ್ಲ ಎಂದಾಯಿತು. ಗಂಡಸರ ವೃತ್ತಿಗೆ ಒಬ್ಬಳಾಗಿ ಬಂದವಳು ಆ ವೃತ್ತಿಯ ರೂಢಿಗಳನ್ನೇ ಕಲಿಯುತ್ತಾಳೆ. ಅಲ್ಲಿಯೂ ಸಂಖ್ಯೆ ಬೇಕು, ಎಲ್ಲರಿಗೂ ಒಂದೇ ಪ್ರಶ್ನಾವಳಿ ಇರಬೇಕೆಂಬ ಶಿಸ್ತೂ ಬೇಕು.

ಸಂಖ್ಯೆ ಒದಗಿದಾಗ ಏನು ಸಾಧ್ಯ ಎಂಬುದಕ್ಕೆ ಬ್ರಿಟನ್ನಿನ ಸ್ಟೆಫನಿ ಶರ್ಲಿ ಸಾಕ್ಷಿ. 1962ರಲ್ಲಿ ಆರು ಪೌಂಡ್ ಬಂಡವಾಳದಲ್ಲಿ ಸಾಫ್ಟ್‌ವೇರ್ ಕಂಪನಿ ಕಟ್ಟಿ, ತಮ್ಮ ಪತ್ರಗಳಿಗೆ ಉತ್ತರ ಬರುವುದಿಲ್ಲವೆಂದು ‘ಸ್ಟೀವ್’ ಎಂಬ ಗಂಡು ಹೆಸರಿನಲ್ಲಿ ಸಹಿ ಹಾಕಬೇಕಾಯಿತು ಅವರಿಗೆ. ಮೊದಲ ಮುನ್ನೂರು ಸಿಬ್ಬಂದಿಯಲ್ಲಿ ಗಂಡಸರು ಮೂವರೇ. ಉಳಿದವರು ಮದುವೆ, ಮಕ್ಕಳೆಂದು ಕೆಲಸ ಬಿಟ್ಟಿದ್ದ, ಮನೆಯಿಂದಲೇ ಪ್ರೋಗ್ರಾಂ ಬರೆಯುವ ಮಹಿಳೆಯರು. ಕಾನ್‌ಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸ್‌ಗೆ ಪ್ರೋಗ್ರಾಂ ಬರೆದದ್ದು ಅವರ ತಂಡ. ಮುಂದೆ ಶರ್ಲಿ ಕಂಪನಿಯ ಪಾಲನ್ನೂ ಸಿಬ್ಬಂದಿಗೆ ಹಂಚಿದರು. ಅವರನ್ನು ಸ್ಫೂರ್ತಿಯ ಕಥೆಯಾಗಿ ಹೇಳುವವರು ಈ ಪಾಲಿನ ವಿಷಯವನ್ನು ಹೇಳುವುದು ಕಡಿಮೆ.

ಹಾಗಾದರೆ ಏನನ್ನು ಎಣಿಸಬೇಕು? 51 ಪಾಲಿನ ಅಳತೆಯನ್ನೇ ಎಲ್ಲೆಡೆ ತರಬೇಕೆಂದು ನಾನು ಹೇಳುವುದಿಲ್ಲ. ಮೂವರು ಸಮಾನ ಸ್ಥಾಪಕರಲ್ಲಿ ಒಬ್ಬಳಾಗಿದ್ದು ತಾಂತ್ರಿಕ ವಿಭಾಗವನ್ನು ಮುನ್ನಡೆಸುವವಳು ಆ ಅಳತೆಯಲ್ಲಿ ಕಾಣೆಯಾಗುತ್ತಾಳೆ. ಹೂಡಿಕೆ ಬಂದಂತೆ ಎಲ್ಲ ಸ್ಥಾಪಕರ ಪಾಲೂ ಕರಗುತ್ತದೆ. ಸ್ಥಾಪಕರ ಒಟ್ಟು ಪಾಲಿನಲ್ಲಿ ಆಕೆಯದೆಷ್ಟು, ಆಕೆ ಪೂರ್ಣಾವಧಿ ದುಡಿಯುತ್ತಾಳೆಯೇ, ಬ್ಯಾಂಕ್ ಖಾತೆಗೆ ಮತ್ತು ಹೂಡಿಕೆಯ ಒಪ್ಪಂದಕ್ಕೆ ಆಕೆಯ ಸಹಿ ಬೇಕೇ ಎಂದು ಕೇಳಿದರೆ ಸಾಕು. ಪಾಲಿನ ವಿವರ ಖಾಸಗಿ ಮಾಹಿತಿ ಎನ್ನುವಂತಿಲ್ಲ. ಷೇರು ಹಂಚಿಕೆಯ ವಿವರವನ್ನು ಕಂಪನಿಗಳು ಪ್ರತಿ ವರ್ಷ ರಿಜಿಸ್ಟ್ರಾರ್ ಕಚೇರಿಗೆ ಕೊಡಲೇಬೇಕು. ನಮ್ಮ ರಾಜ್ಯದ ಎಲಿವೇಟ್ ಯೋಜನೆ ಆಯ್ದ ನವೋದ್ಯಮಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತದೆ. ಅದರ ಅರ್ಜಿಯಲ್ಲಿ ಈ ಮೂರು ಪ್ರಶ್ನೆಗಳನ್ನು ಸೇರಿಸಿ, ಬಂದ ಉತ್ತರಗಳನ್ನು ಜಿಲ್ಲಾವಾರು ಪ್ರಕಟಿಸಲು ಹೊಸ ಕಾನೂನೇನೂ ಬೇಕಿಲ್ಲ. ಜಿಲ್ಲಾವಾರು ಎಂದು ಒತ್ತಿ ಹೇಳುತ್ತೇನೆ. ಬೀದರಿನಲ್ಲಿ ಓದುತ್ತಿರುವ ಹುಡುಗಿಗೆ ಕಲಬುರಗಿಯಲ್ಲಿ ಕಂಪನಿ ನಡೆಸುತ್ತಿರುವವಳು ಯಾರು, ಅವಳ ನಂತರ ಬಂದವಳು ಯಾರು ಎಂಬುದು ಆ ಪಟ್ಟಿಯಿಂದ ತಿಳಿಯಬೇಕು.