ಹ್ಯಾಂಡ್‌ಬ್ರೇಕ್ ಹಾಕಿ, ಆಮೇಲೆ ನನ್ನನ್ನ ನೋಡಿ



ಕಳೆದ ವಾರ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತವರು ನನ್ನ ಮುಖ ನೋಡಿದರು, ಗುರುತು ಹಿಡಿದರು, ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳೋದನ್ನೂ ಮರೆತು ಮಾತಿಗಿಳಿದರು. "ಸಾರ್, ನಿಮ್ಮ ಪ್ರೋಗ್ರಾಂ ಒಂದು ದಿನಾನೂ ಮಿಸ್ ಮಾಡಲ್ಲ" ಅಂದರು. ನಮ್ಮ ವೃತ್ತಿಯಲ್ಲಿರೋರಿಗೆ ಇದಕ್ಕಿಂತ ದೊಡ್ಡ ಒಬ್ಬಟ್ಟು ಇನ್ನೊಂದಿಲ್ಲ. ನಾನು ಉಬ್ಬಿದೆ. "ಮನೇಲಿ ಎಲ್ಲರೂ ನೋಡ್ತೀರಾ?" ಅಂತ ಕೇಳಿದೆ. "ಮನೆಗೆಲ್ಲಿ ಸಾರ್, ನಾನು ಆಫೀಸ್ ಬಿಡೋ ಹೊತ್ತಿಗೆ ನಿಮ್ಮ ಪ್ರೋಗ್ರಾಂ ಶುರುವಾಗುತ್ತೆ. ಕಾರಲ್ಲೇ ನೋಡ್ಕೊಂಡು ಹೋಗ್ತೀನಿ. ಹತ್ತು ಇಂಚಿನ ಸ್ಕ್ರೀನ್ ಹಾಕಿಸಿದ್ದೀನಿ. ಎಲೆಕ್ಟ್ರಾನಿಕ್ ಸಿಟಿ ಎಲೆವೇಟೆಡ್ ಹತ್ತಿಬಿಟ್ಟರೆ ಸಿಗ್ನಲ್ಲೂ ಇಲ್ಲ, ಗುಂಡಿನೂ ಇಲ್ಲ. ಆರಾಮಾಗಿ ನೋಡಬಹುದು" ಅಂದರು.

ಡ್ರೈವರ್ ಇಟ್ಟಿದ್ದಾರೇನೋ ಅಂದುಕೊಂಡು ಕೇಳಿದೆ. ಇಲ್ಲ. ಅವರೇ ಓಡಿಸೋದು.

ನನ್ನ ಕೈಲಿದ್ದ ತುತ್ತು ಹಾಗೇ ನಿಂತಿತು ವೀಕ್ಷಕರೇ. ಇಲ್ಲಿ ಕೂತು ನಾನು ಕೈ ಬೀಸಿ, ಕಣ್ಣು ದೊಡ್ಡದು ಮಾಡಿ, "ಈ ದೃಶ್ಯ ನೋಡಿ, ಸರಿಯಾಗಿ ನೋಡಿ" ಅಂತ ಹೇಳ್ತೀನಲ್ಲ, ಆ ಹೊತ್ತಿಗೆ ಒಬ್ಬರು ಹೊಸೂರು ರಸ್ತೆಯ ಮೇಲ್ಸೇತುವೆ ಮೇಲೆ ಸ್ಟೀರಿಂಗ್ ಹಿಡಿದುಕೊಂಡು ಸರಿಯಾಗಿ ನೋಡ್ತಾ ಇದ್ದಾರೆ. ನನ್ನನ್ನ. ರಸ್ತೆಯನ್ನಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಗಂಟೆಗೆ 80 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 22 ಮೀಟರ್. ಕ್ರಿಕೆಟ್ ಪಿಚ್ಚು ಸ್ಟಂಪಿಂದ ಸ್ಟಂಪಿಗೆ 20 ಮೀಟರ್ ಚಿಲ್ಲರೆ. ಅಂದರೆ ಬೌಲರ್ ಓಡಿ ಬಂದದ್ದನ್ನ ನೋಡಿ, ಚೆಂಡು ಎಲ್ಲಿಗೆ ಹೋಯಿತು ಅಂತ ಎರಡೇ ಎರಡು ಸೆಕೆಂಡು ಸ್ಕ್ರೀನ್ ಕಡೆ ಕಣ್ಣಿಟ್ಟರೆ, ನಿಮ್ಮ ಕಾರು ಎರಡು ಪಿಚ್ಚಿನಷ್ಟು ದೂರ ಕುರುಡಾಗಿ ಓಡಿರುತ್ತೆ. ಆ 44 ಮೀಟರಿನಲ್ಲಿ ಏನೇನು ಬರಬಹುದು? ಪಂಕ್ಚರ್ ಆಗಿ ನಿಂತ ಲಾರಿ ಬರಬಹುದು. ಮುಂದಿನ ಕಾರಿನ ಬ್ರೇಕ್ ಲೈಟು ಬರಬಹುದು. ಕೆಳಗಿನ ರಸ್ತೆಯಲ್ಲಾದರೆ, ಡ್ಯೂಟಿ ಮುಗಿಸಿ ಬಸ್ ಹಿಡಿಯೋಕೆ ರಸ್ತೆ ದಾಟ್ತಿರೋ ಗಾರ್ಮೆಂಟ್ಸ್ ಹೆಣ್ಣುಮಗಳು ಬರಬಹುದು.

ಅದಕ್ಕೇ ಇವತ್ತಿನ ಮಾತು ಕಾರಿನೊಳಗಿನ ಟೀವಿ ಬಗ್ಗೆ.

ಮೊದಲೇ ಹೇಳಿಬಿಡ್ತೀನಿ. ಕಾರಲ್ಲಿ ಕೂತು ವಿಡಿಯೋ ನೋಡೋದೇ ಮಹಾಪಾಪ ಅಂತ ನಾನು ಹೇಳೋನಲ್ಲ. ನಿಂತ ಕಾರಲ್ಲಿ ಧಾರಾಳವಾಗಿ ನೋಡಿ. ನಮ್ಮ ಆಫೀಸಿನ ಗಾಡಿ ಓಡಿಸೋ ಹಿರಿಯರೊಬ್ಬರಿದ್ದಾರೆ. ನಾನು ಸ್ಟುಡಿಯೋ ಒಳಗೆ ಹೋದರೆ ಮೂರು ಗಂಟೆ, ಒಮ್ಮೊಮ್ಮೆ ಎಲೆಕ್ಷನ್ ಟೈಮಲ್ಲಿ ಹದಿನಾಲ್ಕು ಗಂಟೆ. ಅವರು ಹೊರಗೆ. ಒಂದು ರಾತ್ರಿ ಬಂದು ನೋಡ್ತೀನಿ, ಸೀಟು ಹಿಂದಕ್ಕೆ ಒರಗಿಸಿಕೊಂಡು ಮುಂದಿನ ಸ್ಕ್ರೀನಲ್ಲಿ ಏನೋ ನೋಡ್ತಾ ಒಬ್ಬರೇ ನಗ್ತಾ ಇದ್ದಾರೆ. ನನ್ನ ಕಂಡು ಗಾಬರಿಯಾಗಿ ಆಫ್ ಮಾಡಿದರು. "ಏನು ನೋಡ್ತಿದ್ರಿ?" ಅಂದೆ. "ಏನಿಲ್ಲ ಸಾರ್, ಊರ ಹಬ್ಬದ ವಿಡಿಯೋ. ನನ್ನ ಮಗ ಕಳಿಸಿದ್ದ. ಈ ಸಲ ರಜಾ ಸಿಗಲಿಲ್ಲವಲ್ಲ" ಅಂದರು.

ರಜಾ ಕೊಡದೇ ಇದ್ದದ್ದು ಯಾರು? ನಾವೇ. ಎಲೆಕ್ಷನ್ ಅಂತ.

ಈ ಬೆಂಗಳೂರಲ್ಲಿ ಕಾಯೋದೇ ಕೆಲಸವಾಗಿರೋ ಜನ ಎಷ್ಟಿದ್ದಾರೆ ಲೆಕ್ಕ ಹಾಕಿ ನೋಡಿ. ಏರ್‌ಪೋರ್ಟ್ ಹತ್ತಿರ ಬುಕಿಂಗ್ ಬರಲಿ ಅಂತ ಕಾಯೋ ಟ್ಯಾಕ್ಸಿಯವರು, ಟೆಕ್ ಪಾರ್ಕ್ ಹೊರಗೆ ಶಿಫ್ಟ್ ಮುಗಿಯಲಿ ಅಂತ ಕಾಯೋ ಕ್ಯಾಬಿನವರು, ಕಲ್ಯಾಣ ಮಂಟಪದ ಮುಂದೆ, ಆಸ್ಪತ್ರೆ ಮುಂದೆ, ಮಂತ್ರಿಗಳ ಮನೆ ಮುಂದೆ. ಎಷ್ಟು ಕಡೆ ಇವರಿಗೆ ಕೂರೋಕೆ ಒಂದು ಬೆಂಚಿದೆ? ಎಷ್ಟು ಕಡೆ ಒಂದು ಶೌಚಾಲಯವಿದೆ? ಕಾರೇ ಅವರ ಮನೆ, ಕಾರೇ ಹಾಸಿಗೆ. ಆ ಸ್ಕ್ರೀನು ಅವರ ಪಾಲಿನ ಟೂರಿಂಗ್ ಟಾಕೀಸು. ಅದನ್ನ ಕಿತ್ತುಕೋ ಅಂತ ಹೇಳೋ ಬಾಯಿ ನನಗಿಲ್ಲ.

ಈಗ ದೊಡ್ಡ ದೊಡ್ಡ ಕಂಪನಿಗಳೂ ಇದನ್ನ ಒಪ್ಪಿಕೊಂಡಿವೆ. ಟೆಸ್ಲಾ 2019ರ ಸೆಪ್ಟೆಂಬರಿನಲ್ಲೇ ತನ್ನ ಕಾರುಗಳಿಗೆ ಥಿಯೇಟರ್ ಅನ್ನೋ ಸೌಲಭ್ಯ ಕೊಟ್ಟಿತು. ಯೂಟ್ಯೂಬು, ನೆಟ್‌ಫ್ಲಿಕ್ಸು ಎಲ್ಲ ಬರುತ್ತೆ, ಆದರೆ ಗಾಡಿ ಪಾರ್ಕಿಂಗಿನಲ್ಲಿದ್ದರೆ ಮಾತ್ರ. ಎಲೆಕ್ಟ್ರಿಕ್ ಕಾರು ನೋಡಿ, ಚಾರ್ಜಿಗೆ ಹಾಕಿ ಅರ್ಧ ಗಂಟೆ ಕೂರಬೇಕು, ಸುಮ್ಮನೆ ಏನು ಮಾಡೋದು? 2025ರಲ್ಲಿ ಗೂಗಲ್ಲೂ ಆಪಲ್ಲೂ ಒಂದರ ಹಿಂದೆ ಒಂದು ಇದೇ ಮಾತು ಹೇಳಿದವು. ಆಂಡ್ರಾಯ್ಡ್ ಆಟೋದಲ್ಲಿ, ಕಾರ್‌ಪ್ಲೇನಲ್ಲಿ ವಿಡಿಯೋ ಬರುತ್ತೆ, ಗಾಡಿ ನಿಂತಿದ್ದರೆ ಮಾತ್ರ. ಈ "ಮಾತ್ರ" ಅನ್ನೋ ಎರಡಕ್ಷರದ ಮೇಲೆ ಇಡೀ ವ್ಯವಹಾರ ನಿಂತಿದೆ.

ಆ ಮಾತ್ರವನ್ನ ಕಾಯೋದು ಯಾರು? ಪೊಲೀಸರಲ್ಲ ಸ್ವಾಮಿ. ಒಂದು ವೈರು.

ನಾವು ಅಂಗಡಿಯಲ್ಲಿ ಹಾಕಿಸೋ ಸ್ಟೀರಿಯೋ ಹಿಂದೆ ಬಣ್ಣ ಬಣ್ಣದ ವೈರುಗಳ ಒಂದು ಗೊಂಚಲು ಇರುತ್ತೆ. ಅದರಲ್ಲೊಂದು ಹ್ಯಾಂಡ್‌ಬ್ರೇಕಿನ ವೈರು. ನೀವು ಹ್ಯಾಂಡ್‌ಬ್ರೇಕ್ ಎಳೆದಾಗ ಮುಂದೆ ಕೆಂಪು ದೀಪ ಹತ್ತುತ್ತಲ್ಲ, ಆ ಸ್ವಿಚ್ಚಿನಿಂದಲೇ ಇದಕ್ಕೂ ಸಂಪರ್ಕ ಕೊಡಬೇಕು. ಬ್ರೇಕ್ ಎಳೆದರೆ ಸ್ವಿಚ್ಚು ಆ ವೈರನ್ನ ಗ್ರೌಂಡಿಗೆ, ಅಂದರೆ ಕಾರಿನ ಬಾಡಿಗೆ ಸೇರಿಸುತ್ತೆ. ಆಗ ಸ್ಟೀರಿಯೋಗೆ ಗೊತ್ತಾಗುತ್ತೆ, ಓಹೋ ಗಾಡಿ ನಿಂತಿದೆ, ಚಿತ್ರ ತೋರಿಸಬಹುದು ಅಂತ. ಬ್ರೇಕ್ ಬಿಟ್ಟರೆ ಚಿತ್ರ ಮಾಯ, ಬರೀ ಧ್ವನಿ. ಕಂಪನಿಯಿಂದಲೇ ಬರೋ ಸ್ಕ್ರೀನುಗಳು ಇನ್ನೂ ಸ್ವಲ್ಪ ಜಾಣ. ಗಾಡಿಯ ವೇಗವನ್ನೇ ಓದಿಕೊಳ್ತವೆ.

ಅಂಗಡಿಯ ಹುಡುಗ ಏನು ಮಾಡ್ತಾನೆ? ಆ ವೈರನ್ನ ಹ್ಯಾಂಡ್‌ಬ್ರೇಕಿಗೆ ಕೊಡೋ ಬದಲು ಸೀದಾ ಬಾಡಿಗೆ ಕೊಟ್ಟುಬಿಡ್ತಾನೆ. ಮುಗೀತು. ನೀವು ನೂರರಲ್ಲಿ ಹೋದರೂ ಆ ಪೆಟ್ಟಿಗೆಗೆ ಗಾಡಿ ಮನೆ ಮುಂದೆ ನಿಂತ ಹಾಗೇ. ಅಷ್ಟು ಸುಲಭ. ಕಂಪನಿ ಸ್ಕ್ರೀನ್ ಇದೆಯಾ? ಅದಕ್ಕೂ ಮದ್ದಿದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಒಂದು ಡಬ್ಬಿ, ಯುಎಸ್‌ಬಿಗೆ ಚುಚ್ಚಿದರೆ ಸಾಕು. ಅದು ಕಾರಿಗೆ "ನಾನೊಂದು ಫೋನು" ಅಂತ ಸುಳ್ಳು ಹೇಳಿ ಒಳಗೆ ಸೇರಿಕೊಂಡು ಸಿನಿಮಾ ಬಿಡುತ್ತೆ. ಆನ್‌ಲೈನಲ್ಲಿ ರಾಜಾರೋಷವಾಗಿ ಮಾರ್ತಾರೆ.

ಕಾನೂನು ಏನು ಹೇಳುತ್ತೆ ಅಂತ ಕೇಳ್ತೀರಾ? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಕೈಯಲ್ಲಿ ಹಿಡಿಯೋ ಫೋನಿನ ಬಗ್ಗೆ ಹೇಳುತ್ತೆ. ಮೊದಲ ಸಲಕ್ಕೆ ಸಾವಿರದಿಂದ ಐದು ಸಾವಿರದ ತನಕ ದಂಡ, ಜೈಲೂ ಆಗಬಹುದು. ಜಾಣರು ತಕ್ಷಣ ಕೇಳ್ತಾರೆ, "ಸಾರ್, ಇದು ಕೈಯಲ್ಲಿಲ್ಲವಲ್ಲ, ಡ್ಯಾಶ್‌ಬೋರ್ಡಲ್ಲಿ ಕೂತಿದೆ." ಅದಕ್ಕೂ ಉತ್ತರ ಇದೆ. 2017ರ ಮೋಟಾರು ವಾಹನ ಚಾಲನಾ ನಿಯಮಗಳಿವೆ. ಓಡ್ತಿರೋ ಗಾಡಿಯಲ್ಲಿ ದಾರಿ ತೋರಿಸೋ ನಕ್ಷೆ ಬಿಟ್ಟು ಬೇರೆ ವಿಡಿಯೋ ನೋಡೋ ಹಾಗಿಲ್ಲ, ಅದನ್ನ ನೋಡಿಕೊಳ್ಳಬೇಕಾದ್ದು ಚಾಲಕನ ಹೊಣೆ. ಬ್ರಿಟನ್ನಿನಲ್ಲಿ ಈ ಥರದ ನಿಯಮ 1986ರಿಂದಲೇ ಇದೆ. ಆಗ ಕಾರಲ್ಲಿ ಟೀವಿ ಇಟ್ಟೋರು ಎಷ್ಟು ಜನ ಇದ್ದರೋ! ಆದರೂ ಬರೆದಿಟ್ಟರು. ನಮ್ಮಲ್ಲಿ ನಿಯಮ ಇದೆ, ಆದರೆ ಹೆಲ್ಮೆಟ್ ಇಲ್ಲದ ತಲೆ ದೂರದಿಂದಲೇ ಕಾಣುತ್ತೆ. ಡ್ಯಾಶ್‌ಬೋರ್ಡ್ ಹಿಂದಿನ ವೈರು ಯಾವ ಕ್ಯಾಮೆರಾಕ್ಕೆ ಕಾಣುತ್ತೆ ಹೇಳಿ?

ಇದು ನಮ್ಮೊಬ್ಬರ ಚಾಳಿ ಅಂತಲೂ ಅಲ್ಲ. ಟೆಸ್ಲಾ ಕಾರುಗಳ ಸ್ಕ್ರೀನಲ್ಲಿ ಗಾಡಿ ಓಡ್ತಿರುವಾಗಲೂ ಗೇಮ್ ಆಡಬಹುದಿತ್ತು. ಪಕ್ಕದಲ್ಲಿ ಕೂತವರಿಗೆ ಅಂತ ಸಬೂಬು. 2021ರ ಡಿಸೆಂಬರಿನಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಸುಮಾರು 5 ಲಕ್ಷ 80 ಸಾವಿರ ಕಾರುಗಳ ಬಗ್ಗೆ ತನಿಖೆ ಶುರು ಮಾಡಿತು. ಕೆಲವೇ ದಿನದಲ್ಲಿ ಕಂಪನಿ ಅದನ್ನ ನಿಲ್ಲಿಸೋಕೆ ಒಪ್ಪಿತು. ಅದಕ್ಕೂ ಮೊದಲು, 2018ರ ಮಾರ್ಚ್ 18ರ ರಾತ್ರಿ, ಅರಿಜೋನಾದ ಟೆಂಪಿ ಅನ್ನೋ ಊರಲ್ಲಿ ಉಬರ್ ಕಂಪನಿಯ ತಾನೇ ಓಡೋ ಪರೀಕ್ಷಾ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟ್ತಿದ್ದ ಹೆಂಗಸಿಗೆ ಗುದ್ದಿತು. ಆಕೆ ಬದುಕಲಿಲ್ಲ. ಏನಾದರೂ ಆದರೆ ನೋಡಿಕೊಳ್ಳಲಿ ಅಂತಲೇ ಸೀಟಲ್ಲಿ ಒಬ್ಬರನ್ನ ಕೂರಿಸಿದ್ದರು. ಆಗ ಅವರ ಫೋನಲ್ಲಿ ಒಂದು ಟೀವಿ ಹಾಡಿನ ಸ್ಪರ್ಧೆ ಓಡ್ತಾ ಇತ್ತು ಅಂತ ಪೊಲೀಸ್ ವರದಿ ಹೇಳಿತು. 2023ರಲ್ಲಿ ಅವರು ತಪ್ಪೊಪ್ಪಿಕೊಂಡರು. ಕಾರು ತಾನೇ ಓಡುತ್ತೆ ಅನ್ನೋ ಧೈರ್ಯ ಇದ್ದ ಕಡೆಯೇ ಹೀಗಾದರೆ, ನಮ್ಮ ರಸ್ತೆಯಲ್ಲಿ? ದೇಶದಲ್ಲಿ 2022ನೇ ಇಸವಿ ಒಂದರಲ್ಲೇ ರಸ್ತೆಯಲ್ಲಿ ಸತ್ತವರು 1,68,491 ಜನ. ಇದು ಕೇಂದ್ರ ಸರ್ಕಾರದ ಲೆಕ್ಕ.

ಇನ್ನು "ನಿಂತಾಗ ಮಾತ್ರ ನೋಡ್ತೀನಿ" ಅನ್ನೋರ ಹತ್ತಿರ ಒಂದು ಪ್ರಶ್ನೆ. ನಿಂತಿದ್ದು ಅಂದರೆ ಯಾವುದು? ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ನಿಂತರೆ ಅದು ನಿಂತಿದ್ದಾ? ಕಾಲು ಬ್ರೇಕ್ ಮೇಲಿದೆ, ಗಾಡಿ ಗೇರಲ್ಲಿದೆ. ಹಸಿರು ಬಿತ್ತು, ಹಿಂದಿನವನು ಹಾರ್ನ್ ಹೊಡೆದ, ನೀವು ಬೆಚ್ಚಿ ಬಿದ್ದು ಆಕ್ಸಿಲರೇಟರ್ ಒತ್ತಿದಿರಿ. ಸ್ಕೂಟರಿನವನು ಎಡಗಡೆಯಿಂದ ತೂರಿಕೊಂಡು ಮುಂದೆ ಬಂದು ನಿಂತಿದ್ದು ನೀವು ನೋಡಿರ್ತೀರಾ? ಹೈವೇ ಅಂಚಲ್ಲಿ, ಬಿಳಿ ಗೆರೆಯ ಆಚೆ ಅರ್ಧ ಈಚೆ ಅರ್ಧ ನಿಲ್ಲಿಸಿಕೊಂಡು ಮ್ಯಾಚಿನ ಕೊನೇ ಓವರ್ ನೋಡೋದೂ ನಿಂತಿದ್ದಲ್ಲ. ಹಿಂದಿನಿಂದ ಬರೋ ಲಾರಿಯವನಿಗೆ ನಿಮ್ಮ ಕಾರೇ ಅಪಾಯ.

ಸರಿಯಾಗಿ ನಿಲ್ಲಿಸಿದಿರಿ ಅಂತಲೇ ಇಟ್ಟುಕೊಳ್ಳಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟು, ಗಾಜು ಏರಿಸಿದೆ, ಎಂಜಿನ್ ಆನ್, ಏಸಿ ಆನ್, ಸಿನಿಮಾ ಆನ್. ಇದು ಇನ್ನೊಂದು ಥರದ ಅಪಾಯ. ಪೆಟ್ರೋಲ್, ಡೀಸೆಲ್ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಹಿಡಿಯೋ ಜಾಗವನ್ನ ಅದು ಇನ್ನೂರು ಪಟ್ಟು ಗಟ್ಟಿಯಾಗಿ ಹಿಡಿದು ಕೂರುತ್ತೆ. ಗಾಳಿ ಆಡದ ಜಾಗದಲ್ಲಿ ತಲೆನೋವು, ಮಂಪರು, ನಿದ್ದೆ. ಸಿನಿಮಾ ನೋಡ್ತಾ ನಿದ್ದೆ ಬಂತು ಅಂದುಕೊಂಡೇ ಹೋಗಿಬಿಡ್ತಾರೆ. ಕಾಯೋ ಡ್ರೈವರುಗಳಿಗೆ ದಯವಿಟ್ಟು ಯಾರಾದರೂ ಇದನ್ನ ಹೇಳಿ. ಬಯಲಲ್ಲಿ ನಿಲ್ಲಿಸಿ, ಗಾಜು ಇಳಿಸಿ. ಎಂಜಿನ್ ಆಫ್ ಮಾಡಿ ನೋಡ್ತೀನಿ ಅಂದರೆ ಸಣ್ಣ ಕಾರಿನ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತೆ? ದೊಡ್ಡ ಆಂಪ್ಲಿಫೈಯರ್, ಬೇಸ್ ಬಾಕ್ಸ್ ಬೇರೆ ಹಾಕಿಸಿದ್ದರೆ ಸಿನಿಮಾ ಮುಗಿಯೋ ಹೊತ್ತಿಗೆ ಗಾಡಿ ತಳ್ಳೋಕೆ ನಾಲ್ಕು ಜನರನ್ನ ಕರೀಬೇಕು. ಅದು ಪ್ರಾಣಾಪಾಯ ಅಲ್ಲ ಬಿಡಿ, ಮರ್ಯಾದೆ ಮಾತ್ರ.

ಇಷ್ಟೆಲ್ಲ ಹೇಳೋ ಇವನ ಕಾರು ಹೇಗಿದೆ ಅಂತ ಯಾರೋ ಒಬ್ಬರು ಈಗಾಗಲೇ ಕೇಳಿಕೊಂಡಿರ್ತೀರಿ. ಹೇಳ್ತೀನಿ.

ಆ ಮದುವೆ ಊಟ ಮುಗಿಸಿ ನನ್ನ ಸ್ವಂತ ಕಾರಲ್ಲಿ ವಾಪಸ್ ಬರ್ತಿದ್ದೆ. ಮಗಳು ಪಕ್ಕದಲ್ಲಿದ್ದಳು. ಊಟದ ಕತೆಯನ್ನ ಆವೇಶದಿಂದ ಅವಳಿಗೆ ಹೇಳ್ತಾ ಇದ್ದೆ. ಅವಳು ಏನೂ ಮಾತಾಡದೆ ಕೈ ಚಾಚಿ ಸ್ಕ್ರೀನ್ ಮೇಲೆ ಎರಡು ಸಲ ಒತ್ತಿದಳು. ನಮ್ಮ ಚಾನೆಲ್ಲು ಬಂತು. ಕಾರು ಓಡ್ತಾ ಇತ್ತು. "ಅಪ್ಪಾ, ಇದು ಎರಡು ವರ್ಷದಿಂದ ಹೀಗೇ ಇದೆ. ನೀವೇ ದಿನಾ ಹೆಡ್‌ಲೈನ್ಸ್ ನೋಡ್ಕೊಂಡು ಹೋಗ್ತೀರಲ್ಲ" ಅಂದಳು.

ಹೌದು. ನೋಡ್ತಿದ್ದೆ. ಬೇರೆ ಚಾನೆಲ್ಲಿನವರು ಏನು ಹಾಕಿದ್ದಾರೆ ಅಂತಲೂ ನೋಡ್ತಿದ್ದೆ. ಅದು ನೋಡೋದು ಅಂತ ನನಗೆ ಅನ್ನಿಸಿಯೇ ಇರಲಿಲ್ಲ, ಕೆಲಸ ಅಂದುಕೊಂಡಿದ್ದೆ. ಆ ಎಲೆವೇಟೆಡ್ ಮೇಲಿನವರೂ ಹಾಗೇ ಅಂದುಕೊಂಡಿರಬೇಕು, ಸಿನಿಮಾ ಅಲ್ಲವಲ್ಲ, ನ್ಯೂಸು ತಾನೇ ಅಂತ.

ಮೊನ್ನೆ ಭಾನುವಾರ ಜೆ.ಸಿ. ರಸ್ತೆಗೆ ಹೋದೆ. ಹ್ಯಾಂಡ್‌ಬ್ರೇಕ್ ವೈರನ್ನ ಅದರ ಜಾಗಕ್ಕೆ ಕೊಡಪ್ಪಾ ಅಂದೆ. ಹುಡುಗನಿಗೆ ಅರ್ಥ ಆಗಲಿಲ್ಲ. "ಸಾರ್, ವಿಡಿಯೋ ಬರ್ತಾ ಇಲ್ವಾ?" ಅಂದ. "ಬರ್ತಾ ಇದೆ, ಬರದ ಹಾಗೆ ಮಾಡು" ಅಂದೆ. ನನ್ನನ್ನ ಮೇಲಿಂದ ಕೆಳಗೆ ನೋಡಿದ. ಒಳಗಿದ್ದ ಇನ್ನೊಬ್ಬನನ್ನ ಕರೆದ. ಇಬ್ಬರೂ ಸೇರಿ ಡ್ಯಾಶ್‌ಬೋರ್ಡ್ ಬಿಚ್ಚಿದರು. ಇಷ್ಟು ವರ್ಷದಲ್ಲಿ ಇದನ್ನ ಕೇಳಿಕೊಂಡು ಬಂದವರು ನೀವೊಬ್ಬರೇ ಸಾರ್ ಅಂದ. ತಪ್ಪು ವೈರಿಂಗ್ ಮಾಡಿಸುವಾಗ ಸ್ಟೀರಿಯೋ ಜೊತೆ ಫ್ರೀ ಇತ್ತು. ಸರಿ ಮಾಡೋಕೆ ಮುನ್ನೂರು ರೂಪಾಯಿ ತಗೊಂಡ.

ಅಲ್ಲೇ ರಸ್ತೆ ಬದಿ ಕೂತು ಪರೀಕ್ಷೆ ಮಾಡಿದೆ. ಹ್ಯಾಂಡ್‌ಬ್ರೇಕ್ ಎಳೆದೆ. ಹಿಂದಿನ ರಾತ್ರಿಯ ನನ್ನ ಕಾರ್ಯಕ್ರಮದ ಮರುಪ್ರಸಾರ ಬರ್ತಾ ಇತ್ತು. ಕೈ ಎತ್ತಿಕೊಂಡು ಏನೋ ಜೋರಾಗಿ ಹೇಳ್ತಾ ಇದ್ದೆ. ಹ್ಯಾಂಡ್‌ಬ್ರೇಕ್ ಇಳಿಸಿದೆ. ನಾನು ಹೋದೆ, ಸ್ಕ್ರೀನ್ ಕಪ್ಪಾಯಿತು, ಧ್ವನಿ ಮಾತ್ರ ಉಳಿಯಿತು. ಹುಡುಗ ಕಿಟಕಿಯಿಂದ ಬಗ್ಗಿ ನೋಡಿ, "ಓಕೆನಾ ಸಾರ್?" ಅಂದ.