ಮೂಕಿಗೊಂದು ಆನಿಕೆ

ಮೂವತ್ತು ವರ್ಷ ಸಾಹಿತ್ಯದ ಪಾಠ ಹೇಳಿ ನಿವೃತ್ತನಾದವನು ಟ್ರಾಕ್ಟರ್ ಟ್ರೇಲರಿನ ಜಾಕನ್ನು ಕುರಿತು ಮಾತನಾಡಲು ಕುಳಿತರೆ ಕೇಳುಗರಿಗೆ ಸ್ವಲ್ಪ ಬೆರಗಾದೀತು. ವಿಷಯವನ್ನು ತಿಳಿಸಿದಾಗ ನನ್ನ ಮನೆಯಲ್ಲಿಯೇ ನಗೆಯೆದ್ದಿತು. ಆದರೆ ಮಂಡ್ಯದ ಸೀಮೆಯಲ್ಲಿ ಹುಟ್ಟಿ, ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಬೆಳೆದ ಕಬ್ಬಿನ ಹಣದಿಂದಲೇ ಓದಿದ ನನಗೂ ಈ ಕಬ್ಬಿಣದ ಸಾಧನಕ್ಕೂ ನಡುವೆ ತೀರದ ಲೆಕ್ಕವೊಂದಿದೆ.

ಎತ್ತಿನಗಾಡಿಯನ್ನು ಬಲ್ಲವರಿಗೆ ಈ ವಿಷಯ ಅರ್ಧ ತಿಳಿದಂತೆಯೇ. ಎತ್ತು ಬಿಚ್ಚಿದ ಮೇಲೆ ಎರಡು ಚಕ್ರದ ಗಾಡಿ ತಾನಾಗಿ ನಿಲ್ಲಲಾರದು. ಮುಂದೆ ಭಾರವಿದ್ದರೆ ಮೂಕಿ ನೆಲ ಕಚ್ಚುತ್ತದೆ. ಹಿಂದೆ ಭಾರ ಹೆಚ್ಚಾದರೆ ಮುಗಿಲಿಗೆ ಏಳುತ್ತದೆ. ಅದಕ್ಕಾಗಿ ನಮ್ಮ ಹಿರಿಯರು ಮೂಕಿಯ ಕೆಳಗೆ ಒಂದು ಕವೆಗೋಲನ್ನು ಆನಿಸುತ್ತಿದ್ದರು. ಟ್ರಾಕ್ಟರಿಗೆ ಕಟ್ಟುವ ಎರಡು ಚಕ್ರದ ಟ್ರೇಲರಿನದೂ ಇದೇ ಜಾತಕ. ಜಾಕು ಎಂಬುದು ಆ ಕವೆಗೋಲಿನ ಕಬ್ಬಿಣದ ವಂಶಜ. ಕೋಲು ಹೊತ್ತು ನಿಲ್ಲುತ್ತದೆ, ಅಷ್ಟೆ. ಜಾಕು ಟ್ರೇಲರಿನ ಮೂತಿಯನ್ನು ಟ್ರಾಕ್ಟರಿನ ಕೊಂಡಿಯ ಎತ್ತರಕ್ಕೆ ಏರಿಸಿ ಇಳಿಸಿಯೂ ಕೊಡುತ್ತದೆ. ಇಂಗ್ಲಿಷಿನಲ್ಲಿ ಜಾಕ್ ಎಂಬುದು ಸಾಮಾನ್ಯ ಜನರ ಹೆಸರು. ಆಳುಮಗನನ್ನು ಕರೆಯುತ್ತಿದ್ದ ಆ ಹೆಸರೇ ಆಳಿನ ಕೆಲಸವನ್ನು ಮಾಡುವ ಉಪಕರಣಕ್ಕೂ ಅಂಟಿಕೊಂಡಿತು. ಆಳನ್ನು ಆರಿಸಿಕೊಳ್ಳುವಾಗ ನಾವು ತೋರುವ ಎಚ್ಚರವನ್ನು ಈ ಆಳಿನ ವಿಷಯದಲ್ಲಿ ನಾನು ತೋರಲಿಲ್ಲ.

1986ರಲ್ಲಿ ನನ್ನ ತಮ್ಮ ಹಳೆಯ ಟ್ರೇಲರೊಂದನ್ನು ಕೊಂಡ. ಅದಕ್ಕೆ ಜಾಕು ಇರಲಿಲ್ಲ. ನಾನು ಪೇಟೆಯಲ್ಲಿದ್ದವನಾದ್ದರಿಂದ ತರುವ ಕೆಲಸ ನನಗೆ ಬಿತ್ತು. ಅಂಗಡಿಯವನು ಎರಡನ್ನು ಮುಂದಿಟ್ಟ. ಒಂದು ಕಪ್ಪಗೆ, ತೂಕವಾಗಿ, ಅಗಲವಾದ ಪಾದದ್ದು. ಇನ್ನೊಂದು ಕೆಂಪು ಬಣ್ಣ ಬಳಿದುಕೊಂಡು ಮದುವಣಿಗನಂತೆ ಮಿನುಗುತ್ತಿತ್ತು. ಬೆಲೆಯೂ ಕಡಿಮೆ, ಬಸ್ಸಿನಲ್ಲಿ ಒಯ್ಯಲೂ ಹಗುರ. ನಾನು ಕೆಂಪಿನದನ್ನೇ ತಂದೆ. ಎಷ್ಟು ಭಾರ ಹೊರಬೇಕೆಂದು ಅಂಗಡಿಯವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ವರ್ಷದ ಕಟಾವಿನಲ್ಲಿ, ಪಕ್ಕದ ಮಡಿಯ ನೀರು ಬಸಿದು ಒದ್ದೆಯಾಗಿದ್ದ ನೆಲದಲ್ಲಿ, ಕಬ್ಬು ತುಂಬಿದ ಟ್ರೇಲರನ್ನು ಜಾಕಿನ ಮೇಲೆ ನಿಲ್ಲಿಸಿ, ಬೇರೆ ಕೆಲಸಕ್ಕೆಂದು ಟ್ರಾಕ್ಟರನ್ನು ಬಿಚ್ಚಿದರು. ಜಾಕಿನ ಕಾಲು ಬರಿಯ ಕೊಳವೆ. ಅದು ಮೆಲ್ಲಮೆಲ್ಲನೆ ಮಣ್ಣಿನೊಳಗೆ ಇಳಿದು ಓರೆಯಾಗಿ, ನಡುವಿನಲ್ಲಿ ಬಾಗಿತು. ತಮ್ಮ ಕೊಂಡಿಯ ಗೂಟವನ್ನು ಹುಡುಕುತ್ತ ಅಲ್ಲಿಯೇ ನಿಂತಿದ್ದ. ಮೂತಿ ಕುಸಿದು ಅವನ ಎಡಗಾಲಿನ ಮೇಲೆ ಬಿದ್ದಿತು. ಎರಡು ಬೆರಳುಗಳು ಹೋದುವು.

ಅನಂತರ ನಾನು ಹಾಕಿದ ಲೆಕ್ಕವನ್ನು ಮೊದಲೇ ಹಾಕಬೇಕಾಗಿತ್ತು. ಟ್ರೇಲರೂ ಕಬ್ಬೂ ಸೇರಿ ಐದು ಟನ್ ಎಂದು ಹಿಡಿಯೋಣ. ಅದೆಲ್ಲವೂ ಜಾಕಿನ ಮೇಲೆ ಬರುವುದಿಲ್ಲ. ಬಹುಪಾಲು ಚಕ್ರಗಳ ಮೇಲೆ. ಹದವಾಗಿ ತುಂಬಿದ್ದು ಹತ್ತರಲ್ಲಿ ಒಂದು ಪಾಲು ಮುಂದಕ್ಕೆ ಬಂದರೂ ಅದು ಐನೂರು ಕಿಲೋಗ್ರಾಮು. ಕಬ್ಬನ್ನು ಮುಂದಕ್ಕೆ ಒತ್ತಿ ತುಂಬಿದರೆ ಇನ್ನೂ ಹೆಚ್ಚು. ಆದ್ದರಿಂದ ಜಾಕಿಗೆ ಮೂತಿಯ ಭಾರದ ಎರಡರಷ್ಟಾದರೂ ಶಕ್ತಿಯಿರಬೇಕು. ಐದು ಸೆಂಟಿಮೀಟರು ಅಡ್ಡಳತೆಯ ಕೊಳವೆಯ ತುದಿ ನೆಲವನ್ನು ಮುಟ್ಟುವುದು ಸುಮಾರು 20 ಚದರ ಸೆಂಟಿಮೀಟರಿನಷ್ಟು ಜಾಗದಲ್ಲಿ. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 25 ಕಿಲೋ. ಹಸಿಮಣ್ಣು ಅದನ್ನು ಹೇಗೆ ತಡೆದೀತು? ಅದೇ ಕಾಲಿಗೆ 20 ಸೆಂಟಿಮೀಟರು ಚೌಕದ ತಗಡಿನ ಪಾದವಿದ್ದರೆ ಒತ್ತಡ ಒಂದೂಕಾಲು ಕಿಲೋಗೆ ಇಳಿಯುತ್ತದೆ. ಗದ್ದೆಯ ನೆಲಕ್ಕೆ ಅದೂ ಹೆಚ್ಚೇ. ಪಾದದ ಕೆಳಗೆ ಒಂದು ದಪ್ಪ ಹಲಗೆ ಬೇಕೇ ಬೇಕು.

ಜಾಕುಗಳಲ್ಲಿ ತಿರುಪಿನದು, ಎಣ್ಣೆಯದು ಎಂದು ಎರಡು ಮತ. ಎಣ್ಣೆಯದರ ಹಿಂದೆ ದೊಡ್ಡ ಹೆಸರುಗಳಿವೆ: ಪಾಸ್ಕಲನ ಸೂತ್ರ, 1795ರಲ್ಲಿ ಬ್ರಾಮಾ ಎಂಬ ಇಂಗ್ಲಿಷ್ ಕುಶಲಕರ್ಮಿ ಹಕ್ಕುಪತ್ರ ಪಡೆದ ಒತ್ತುಯಂತ್ರ. ಶ್ರಮವಿಲ್ಲದೆ ಎತ್ತುತ್ತದೆ, ನಿಜ. ಆದರೆ ಅದು ಭಾರವನ್ನು ಹಿಡಿದಿರುವುದು ರಬ್ಬರಿನ ಒಂದು ಬಳೆಯ ನಂಬಿಕೆಯ ಮೇಲೆ. ಬಳೆ ಸವೆದರೆ ರಾತ್ರಿ ಎತ್ತಿದ್ದು ಬೆಳಗಿಗೆ ಕುಳಿತಿರುತ್ತದೆ. ಎತ್ತುವುದಕ್ಕೆ ಎಣ್ಣೆಯದು, ನಿಲ್ಲಿಸುವುದಕ್ಕೆ ತಿರುಪಿನದು ಎಂಬುದು ನನ್ನ ಪಕ್ಷ.

ತಿರುಪಿನ ಗುಟ್ಟು ಸೊಗಸಾಗಿದೆ. 25 ಸೆಂಟಿಮೀಟರು ಉದ್ದದ ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಕೈ 157 ಸೆಂಟಿಮೀಟರು ನಡೆಯುತ್ತದೆ. ತಿರುಪು ಏರುವುದು ಆರು ಮಿಲಿಮೀಟರು ಮಾತ್ರ. ಲೆಕ್ಕಕ್ಕೆ ಇನ್ನೂರ ಅರವತ್ತು ಪಟ್ಟು ಬಲ. ಇದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಘರ್ಷಣೆ ನುಂಗುತ್ತದೆ. ಆದರೆ ಆ ಘರ್ಷಣೆಯ ಕೃಪೆಯಿಂದಲೇ ಕೈಬಿಟ್ಟರೂ ತಿರುಪು ಹಿಂದಕ್ಕೆ ಸುತ್ತುವುದಿಲ್ಲ. ಹಾಗಾದರೆ ಗ್ರೀಸು ಬಳಿದರೆ ಜಾರುವುದಿಲ್ಲವೆ ಎಂದು ತಮ್ಮ ಒಮ್ಮೆ ಕೇಳಿದ. ಒಳ್ಳೆಯ ಪ್ರಶ್ನೆ. ಮೂರು ಸೆಂಟಿಮೀಟರು ದಪ್ಪದ ಇಂಥ ತಿರುಪಿನ ಏರು ನಾಲ್ಕು ಡಿಗ್ರಿಗಿಂತ ಕಡಿಮೆ. ಅಷ್ಟು ಇಳಿಜಾರಿನಲ್ಲಿ ಗ್ರೀಸು ಬಳಿದ ಉಕ್ಕೂ ತಾನಾಗಿ ಜಾರದು.

ಆದರೆ ಬಳಿಯುವುದಕ್ಕೂ ಕ್ರಮವಿದೆ. ಹಳೆಯ ಗ್ರೀಸಿನ ಮೇಲೆ ಹೊಸದನ್ನು ಮೆತ್ತುವುದು ನಮ್ಮವರ ರೂಢಿ. ಹೊಲದ ಧೂಳು ಗ್ರೀಸಿನೊಡನೆ ಬೆರೆತರೆ ಅದು ಸಾಣೆಯ ಹಿಟ್ಟಾಗಿ ಎಳೆಗಳನ್ನು ತಿಂದುಹಾಕುತ್ತದೆ. ಮೊದಲು ತಿರುಪನ್ನು ಪೂರ್ತಿ ಹೊರತೆಗೆದು ಸೀಮೆಎಣ್ಣೆಯಲ್ಲಿ ಉಜ್ಜಿ, ಒಣಗಿಸಿ, ಆಮೇಲೆ ತೆಳುವಾಗಿ ಸವರಬೇಕು. ಹಿಡಿಯ ಬುಡದಲ್ಲಿ ಹಲ್ಲುಚಕ್ರಗಳಿದ್ದರೆ ಅವಕ್ಕೂ ಒಂದು ಪಾಲು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಕಟಾವಿಗೆ ಮುಂಚೆ ಒಮ್ಮೆ ಇಷ್ಟು ಮಾಡಿದರೆ ಸಾಕು. ಎಣ್ಣೆಯ ಜಾಕಿನವರು ಕೆಲಸವಿಲ್ಲದಾಗ ಅದರ ದಂಡವನ್ನು ಒಳಕ್ಕೆ ಇಳಿಸಿಯೇ ಇಡಬೇಕು, ಇಲ್ಲವಾದರೆ ತುಕ್ಕು ಹಿಡಿದ ದಂಡ ಬಳೆಯನ್ನು ಗೀರುತ್ತದೆ. ಬ್ರೇಕಿನ ಎಣ್ಣೆಯನ್ನಂತೂ ಸುರಿಯಲೇಬಾರದು.

ಜಾಕುಗಳು ಹೆಚ್ಚಾಗಿ ಕೆಡುವುದು ಭಾರದಿಂದಲ್ಲ, ಮರೆವಿನಿಂದ. ಕಾಲನ್ನು ಮೇಲೆತ್ತದೆಯೇ ಟ್ರಾಕ್ಟರು ಹೊರಡುತ್ತದೆ. ಬದುವಿಗೋ ಕಲ್ಲಿಗೋ ತಗುಲಿ ಕೊಳವೆ ಸೊಟ್ಟಗಾಗುತ್ತದೆ. ಅದನ್ನು ಕುಲುಮೆಗೆ ಕೊಟ್ಟು ಬಡಿದು ನೆಟ್ಟಗೆ ಮಾಡಿಸುವವರನ್ನು ಕಂಡಿದ್ದೇನೆ. ಕಣ್ಣಿಗೆ ನೆಟ್ಟಗಾಗಿರುತ್ತದೆ; ಬಾಗಿದ ಜಾಗದಲ್ಲಿ ಸತ್ವವಿರುವುದಿಲ್ಲ. ಹಾಗೆಯೇ, ಜಾಕು ಬಲ್ಲದ್ದು ನೆಟ್ಟಗೆ ಹೊರುವುದನ್ನು ಮಾತ್ರ. ಚಕ್ರಗಳಿಗೆ ಹಿಂದೆಯೂ ಮುಂದೆಯೂ ಕಲ್ಲು ಕೊಡದಿದ್ದರೆ ಟ್ರೇಲರು ಗೇಣು ಸರಿದರೂ ಎಷ್ಟು ಬೆಲೆಯ ಜಾಕಾದರೂ ಮಗುಚಿಕೊಳ್ಳುತ್ತದೆ.

ಈಗ ಟ್ರೇಲರನ್ನು ನಡೆಸುವವನು ತಮ್ಮನ ಮಗ. ಕಪ್ಪು ಬಣ್ಣದ ತೂಕದ ಜಾಕು ಅದಕ್ಕಿದೆ, ಹಲಗೆಯೂ ಸರಪಳಿಯಲ್ಲಿ ಅದರೊಡನೆಯೇ ತೂಗುತ್ತದೆ. ತಮ್ಮ ಇಂದಿಗೂ ಕಟಾವಿನ ದಿನ ಗದ್ದೆಗೆ ಹೋಗಿ, ಟ್ರಾಕ್ಟರು ಬಿಚ್ಚುವ ಮೊದಲು ಹಲಗೆಯನ್ನು ಕೋಲಿನಿಂದ ಕುಟ್ಟಿ ನೋಡುತ್ತಾನೆ. ನಾನು ತಂದ ಕೆಂಪು ಜಾಕು ಬಾಗಿದ ಹಾಗೆಯೇ ಕೊಟ್ಟಿಗೆಯ ಮೂಲೆಯಲ್ಲಿದೆ. ಗುಜರಿಯವನು ಎರಡು ಸಲ ಬಂದು ಕೇಳಿದನಂತೆ; ತಮ್ಮ ಕೊಡಲಿಲ್ಲ. ಏಕೆಂದು ನಾನು ಕೇಳಿಲ್ಲ.