ಮೇಣ, ಪರಿಮಳ ಮತ್ತು ಸತ್ಯ
(ಶತಮಾನೋತ್ಸವದ ಅಂಗವಾಗಿ ನಡೆದ ಮೇಣದ ಬತ್ತಿ ತರಬೇತಿಯ ಸಮಾರೋಪದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಹತ್ತು ದಿನಗಳ ನಿಮ್ಮ ಶ್ರಮವು ಇಂದು ಸಫಲವಾಗಿದೆ. ಈ ಸಭಾಂಗಣವನ್ನು ತುಂಬಿರುವ ನೀಲಗಿರಿ ಮತ್ತು ಮಜ್ಜಿಗೆ ಹುಲ್ಲಿನ ಪರಿಮಳವೇ ಅದಕ್ಕೆ ಸಾಕ್ಷಿ.

ಮೇಣಕ್ಕೂ ಧರ್ಮಸಭೆಗೂ ಇರುವ ನಂಟು ಬಹಳ ಹಳೆಯದು. ಫೆಬ್ರವರಿ ೨ರ ಸಮರ್ಪಣೆಯ ಹಬ್ಬದಂದು ನಾವು ಬತ್ತಿಗಳನ್ನು ಆಶೀರ್ವದಿಸುತ್ತೇವೆ. ಪಾಸ್ಖ ಜಾಗರಣೆಯ ಲತೀನ್ ಸ್ತುತಿಯಲ್ಲಿ ಜೇನುನೊಣದ ಪ್ರಸ್ತಾಪವೂ ಉಂಟು. ಪಾಸ್ಖ ದೀಪವೂ ಪೂಜೆಯ ಬತ್ತಿಗಳೂ ಬಹುಪಾಲು ಜೇನುಮೇಣದವೇ ಆಗಿರಬೇಕೆಂದು ೧೯೦೪ರಲ್ಲಿ ರೋಮ್ ವಿಧಿಸಿತ್ತು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಅನಂತರ ಈ ನಿಯಮವು ಸಡಿಲವಾಯಿತು. ಪರಿಮಳವೂ ನಮಗೆ ಹೊಸದಲ್ಲ; ಕ್ರಿಸ್ಮ ತೈಲವೆಂದರೆ ಸುಗಂಧದ್ರವ್ಯ ಬೆರೆಸಿದ ಎಣ್ಣೆಯೇ ಅಲ್ಲವೇ?

ಇಂದು ಅಂಗಡಿಯ ಬತ್ತಿಗಳಲ್ಲಿ ಹೆಚ್ಚಿನವು ಪೆಟ್ರೋಲಿಯಂನಿಂದ ಬರುವ ಪ್ಯಾರಫಿನ್‌ನಿಂದ ಆದವು. ನೀವು ಬಳಸಿದ್ದು ನೈಸರ್ಗಿಕ ಮೇಣಗಳನ್ನು. ಜೇನುಮೇಣವು ಕರಗುವುದು ೬೨ರಿಂದ ೬೪ ಡಿಗ್ರಿ ಉಷ್ಣದಲ್ಲಿ. ಅದು ಗಟ್ಟಿ, ಆದರೆ ಬೆಲೆ ಹೆಚ್ಚು, ಅದರದೇ ವಾಸನೆಯೂ ಇದೆ. ಸೋಯಾ ಮೇಣವು ಸುಮಾರು ೫೦ ಡಿಗ್ರಿಗೇ ಕರಗುತ್ತದೆ. ಪರಿಮಳವನ್ನು ಚೆನ್ನಾಗಿ ಹಿಡಿದಿಡುತ್ತದೆ, ಆದರೆ ಮೃದು. ಆದುದರಿಂದಲೇ ಏಳು ಪಾಲು ಸೋಯಾಕ್ಕೆ ಮೂರು ಪಾಲು ಜೇನುಮೇಣ ಬೆರೆಸಿ ಗಾಜಿನ ಲೋಟದಲ್ಲಿ ಎರೆದಿರಿ. ನಿಲ್ಲುವ ಕಂಬದ ಬತ್ತಿಗಾದರೆ ಜೇನುಮೇಣವೇ ಹೆಚ್ಚಿರಬೇಕು. ಬ್ರೆಜಿಲ್ ದೇಶದ ತಾಳೆಯ ಎಲೆಯಿಂದ ಬರುವ ಕಾರ್ನೌಬಾ ಮೇಣವನ್ನೂ ತುಸು ಸೇರಿಸಬಹುದು. ಅದು ಕರಗಲು ೮೦ ಡಿಗ್ರಿಗೂ ಮೀರಿದ ಶಾಖ ಬೇಕು.

ತೈಲವು ೧೦೦ ಗ್ರಾಂ ಮೇಣಕ್ಕೆ ೬ ಗ್ರಾಂ ಸಾಕು. ಮಿತಿಮೀರಿ ಸುರಿದರೆ ಬತ್ತಿ ಬೆವರುತ್ತದೆ, ಉರಿ ಕೆಡುತ್ತದೆ. ಮೇಣವನ್ನು ಒಲೆಯಿಂದಿಳಿಸಿ, ಸುಮಾರು ೭೦ ಡಿಗ್ರಿಗೆ ಆರಿದ ಮೇಲೆ ತೈಲ ಬೆರೆಸಬೇಕು. ಕುದಿಯುವ ಬಿಸಿಯಲ್ಲಿ ಪರಿಮಳವೆಲ್ಲ ಹಾರಿಹೋಗುವುದು. ಹತ್ತಿಯ ನೂಲು ದಪ್ಪವಾದರೆ ಮಸಿ, ತೆಳುವಾದರೆ ನಡುವೆ ಗುಳಿ.

ಗುರುಮಠದ ದಿನಗಳಲ್ಲಿ ನಾವು ಉರಿದುಳಿದ ಮೋಟುಗಳನ್ನು ಕೂಡಿಸಿ, ನೇರ ಬೆಂಕಿಯ ಮೇಲೆ ಕರಗಿಸಲು ಹೋದೆವು. ಮೇಣಕ್ಕೆ ಬೆಂಕಿ ಹತ್ತಿತು, ಗಾಬರಿಯಲ್ಲಿ ನೀರೆರಚಿದೆವು, ಜ್ವಾಲೆ ಮಾಡಿಗೆ ಹಾರಿತು. ಅಡಿಗೆಯವರು ಮುಚ್ಚಳವನ್ನು ಕವುಚಿ ನಮ್ಮನ್ನುಳಿಸಿದರು. ಕರಗಿಸುವುದು ನೀರಿನ ಪಾತ್ರೆಯೊಳಗಿಟ್ಟ ಪಾತ್ರೆಯಲ್ಲಿಯೇ ಆಗಲಿ, ಮುಚ್ಚಳವು ಕೈಗೆಟುಕುವಂತಿರಲಿ, ಉರಿವ ಮೇಣಕ್ಕೆ ನೀರನ್ನೆಂದಿಗೂ ಹಾಕಬೇಡಿ.

ಈಗ ನಮ್ಮ ಮನಸ್ಸನ್ನು ಕಾಡಿದ ಮಾತು. ಲೋಟದ ಚೀಟಿಯ ಮೇಲೆ 'ಶುದ್ಧ ಜೇನುಮೇಣ, ಶ್ರೀಗಂಧ' ಎಂದು ಅಚ್ಚು ಹಾಕಿಸಿದರೆ ಎರಡರಷ್ಟು ಬೆಲೆ ಬರುವುದೆಂದು ಕೆಲವರು ಸೂಚಿಸಿದರು. ಮೈಸೂರು ಸಂಸ್ಥಾನವು ೧೯೧೬ರಲ್ಲಿ ಶ್ರೀಗಂಧದೆಣ್ಣೆಯನ್ನು ತೆಗೆಯಲಾರಂಭಿಸಿದಂದಿನಿಂದ ಆ ಹೆಸರಿಗೆ ಲೋಕವೇ ಗೌರವ ಕೊಡುತ್ತಿದೆ. ನಮ್ಮ ಲೋಟದಲ್ಲಿ ಅದರ ಒಂದು ಹನಿಯೂ ಇಲ್ಲ. ನಾವು ಬೇಡವೆಂದೆವು. ಆಗ ಇಬ್ಬರು ಮಕ್ಕಳನ್ನು ಒಬ್ಬರೇ ಸಾಕುತ್ತಿರುವ ತಾಯಿಯೊಬ್ಬರು, "ಸ್ವಾಮಿ, ನಿಜ ಬರೆದರೆ ಕೊಳ್ಳುವವರು ಯಾರು?" ಎಂದು ಕೇಳಿದರು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಬಡವರಿಗೆ ಸತ್ಯವನ್ನು ಬೋಧಿಸಿ, ಅದರ ವೆಚ್ಚವನ್ನು ಅವರ ಮೇಲೆಯೇ ಹೊರಿಸುವುದು ಸುಲಭ.

ಆದುದರಿಂದ ಪಾಲನಾ ಸಮಿತಿಯೊಡನೆ ಆಲೋಚಿಸಿ ಹೀಗೆ ನಿರ್ಧರಿಸಿದ್ದೇವೆ: ಒಂದು ವರ್ಷದವರೆಗೆ ಬಲಿಪೀಠಕ್ಕೂ ಹಬ್ಬಗಳಿಗೂ ಬೇಕಾದ ಎಲ್ಲ ಬತ್ತಿಗಳನ್ನು ದೇವಾಲಯವು ನಿಮ್ಮಿಂದಲೇ, ನ್ಯಾಯವಾದ ಬೆಲೆಗೆ ಕೊಳ್ಳುವುದು. ಉಬ್ಬಸವುಳ್ಳ ಹಿರಿಯರು ಪೂಜೆಗೆ ಬರುವುದರಿಂದ ಅವು ಪರಿಮಳವಿಲ್ಲದವಾಗಿರಲಿ. ಸಂತೆಗೆ ಹೋಗುವ ಲೋಟದ ಚೀಟಿಯಲ್ಲಿ ಯಾವ ಮೇಣ, ಎಷ್ಟು ಪಾಲು, ಯಾವ ತೈಲ ಎಂಬುದೆಲ್ಲ ಇದ್ದದ್ದು ಇದ್ದಂತೆ ಇರಲಿ.

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಈ ದೇವಾಲಯವನ್ನು ಕೂಲಿಯ ಕಾಸುಗಳಿಂದ ಕಟ್ಟಿದರು. ಅವರ ಮುಂದೆ ಹಚ್ಚಿಡುವ ದೀಪದಲ್ಲಿ ಕಲಬೆರಕೆಯ ಮಾತು ಇರದಿರಲಿ. ಪ್ರಭುವು ನಿಮ್ಮ ಕೈಗಳ ಕೆಲಸವನ್ನು ಆಶೀರ್ವದಿಸಲಿ.